ದಮಯಂತಿಯ ಪರೀಕ್ಷೆ, ಯಂತ್ರದ ಪರೀಕ್ಷೆ

(ಉಪನ್ಯಾಸವೊಂದರ ಬರಹ ರೂಪ)



ದಮಯಂತಿಯ ಸ್ವಯಂವರದ ಕಥೆ ನಿಮಗೆಲ್ಲ ಗೊತ್ತಿರುವುದೇ. ಮಹಾಭಾರತದ ವನಪರ್ವದಲ್ಲಿ ಬರುವ ಈ ಉಪಾಖ್ಯಾನ ಕನಕದಾಸರ ‘ನಳಚರಿತ್ರೆ’ಯಿಂದಾಗಿ ಕನ್ನಡಿಗರಿಗೆ ಮನೆಮಾತು. ನಳನನ್ನೇ ವರಿಸಬೇಕೆಂದು ಮಾಲೆ ಹಿಡಿದು ಬಂದವಳ ಮುಂದೆ ಐವರು ನಳರು ನಿಂತಿದ್ದರು. ಒಬ್ಬ ಮನುಷ್ಯ, ಉಳಿದ ನಾಲ್ವರು ಇಂದ್ರ, ಅಗ್ನಿ, ವರುಣ, ಯಮ. ದಿಕ್ಕು ತೋಚದ ಆಕೆ ಆ ದೇವತೆಗಳನ್ನೇ ಮೊರೆಹೊಕ್ಕಳು. ಅವರು ಕನಿಕರಿಸಿ ತಮ್ಮ ನಿಜ ಲಕ್ಷಣಗಳನ್ನು ತೋರಿದರು. ನಾಲ್ವರ ಮೈಯಲ್ಲಿ ಬೆವರಿಲ್ಲ, ರೆಪ್ಪೆ ಅಲುಗುವುದಿಲ್ಲ, ಮಾಲೆ ಬಾಡಿಲ್ಲ, ಪಾದ ನೆಲಕ್ಕೆ ತಾಗಿಲ್ಲ. ಐದನೆಯವನ ಮೈಮೇಲೆ ಬೆವರು, ಧೂಳು; ಹೂವು ಬಾಡಿದೆ; ನೆರಳು ಬಿದ್ದಿದೆ; ಕಣ್ಣು ಮಿಟುಕುತ್ತಿದೆ. ಮಾಲೆ ಅವನ ಕೊರಳಿಗೆ ಬಿತ್ತು. ದೇವತೆಗಳಿಗೆ ‘ಅನಿಮಿಷರು’ ಎಂಬ ಹೆಸರಿರುವುದೇ ಅವರು ಕಣ್ಣು ಮಿಟುಕಿಸದ್ದರಿಂದ. ಇಲ್ಲಿ ಮನುಷ್ಯ ಗುರುತು ಸಿಕ್ಕಿದ್ದು ತನ್ನ ಬಲದಿಂದಲ್ಲ, ತನ್ನ ಕೊರತೆಗಳಿಂದ ಎಂಬುದನ್ನು ನೆನಪಿಟ್ಟುಕೊಳ್ಳಿ.

ಇಂಥದೇ ಪರೀಕ್ಷೆಯೊಂದು ಈಗ ಜಾಲತಾಣಗಳ ಬಾಗಿಲಲ್ಲಿ ದಿನವೂ ನಡೆಯುತ್ತಿದೆ. ಸೊಟ್ಟಂಬಟ್ಟ ಅಕ್ಷರಗಳನ್ನು ಓದಿ ಹೇಳಿ, ಚಿತ್ರದಲ್ಲಿ ಬಸ್ಸು ಎಲ್ಲಿದೆ ತೋರಿಸಿ, ‘ನಾನು ರೋಬಾಟ್ ಅಲ್ಲ’ ಎಂಬಲ್ಲಿ ಗುರುತು ಹಾಕಿ ಎಂದು ಅವು ಕೇಳುತ್ತವೆ. ಇದಕ್ಕೆ ಕಾರಣವೂ ಇದೆ. ‘ಬಾಟ್’ ಎಂಬ ಪುಟ್ಟ ತಂತ್ರಾಂಶಗಳು ಮನುಷ್ಯರ ವೇಷದಲ್ಲಿ ಬಂದು ಸಾವಿರಾರು ಸುಳ್ಳು ಖಾತೆ ತೆರೆಯುತ್ತವೆ, ಟಿಕೆಟ್‌ಗಳನ್ನು ಕ್ಷಣಾರ್ಧದಲ್ಲಿ ಬಾಚಿಕೊಳ್ಳುತ್ತವೆ, ಇನ್ನೊಬ್ಬರ ಗುಪ್ತಪದಗಳನ್ನು ಊಹಿಸುತ್ತ ಕೂರುತ್ತವೆ. ಅವಕ್ಕೆ ದಣಿವಿಲ್ಲ.

ಈ ಪರೀಕ್ಷೆಯ ಬೇರು 1950ರಲ್ಲಿದೆ. ಆ ವರ್ಷ ಆಲನ್ ಟ್ಯೂರಿಂಗ್ ಎಂಬ ಇಂಗ್ಲಿಷ್ ಗಣಿತಜ್ಞರು ‘ಮೈಂಡ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಮರೆಯಲ್ಲಿರುವ ಯಂತ್ರದೊಡನೆ ಬರೀ ಬರಹದ ಮೂಲಕ ಮಾತಾಡಿದಾಗ ಅದು ಯಂತ್ರವೆಂದು ಮನುಷ್ಯನಿಗೆ ತಿಳಿಯುವುದೇ ಎಂಬುದು ಅವರ ಪ್ರಶ್ನೆ. ಲೇಖನದಲ್ಲಿ ಒಂದು ಮಾದರಿ ಸಂವಾದವಿದೆ. ‘34957ಕ್ಕೆ 70764 ಕೂಡಿಸಿ’ ಎಂದು ಕೇಳಿದಾಗ, ಸುಮಾರು 30 ಸೆಕೆಂಡುಗಳ ಮೌನದ ಬಳಿಕ 105621 ಎಂಬ ಉತ್ತರ ಬರುತ್ತದೆ. ನೀವೇ ಕೂಡಿ ನೋಡಿ: ಸರಿಯಾದ ಮೊತ್ತ 105721. ಮನುಷ್ಯನೆನಿಸಿಕೊಳ್ಳಬೇಕಾದರೆ ಯಂತ್ರ ಬೇಕೆಂದೇ ಲೆಕ್ಕ ತಪ್ಪಬೇಕಾಗುತ್ತದೆ ಎಂದು ಟ್ಯೂರಿಂಗ್ ಮುಂದೆ ಹೇಳುತ್ತಾರೆ. ಅಂದರೆ ಇಲ್ಲಿಯೂ ಮನುಷ್ಯನ ಗುರುತು ಬೆವರು, ಧೂಳುಗಳಂಥ ಒಂದು ಕೊರತೆಯೇ.

ಟ್ಯೂರಿಂಗರ ಆಟದಲ್ಲಿ ಪರೀಕ್ಷಕ ಮನುಷ್ಯನಾಗಿದ್ದ. ಐವತ್ತು ವರ್ಷಗಳಲ್ಲಿ ಕುರ್ಚಿಗಳು ಅದಲುಬದಲಾದವು. 2000ದಲ್ಲಿ ಯಾಹೂ ಸಂಸ್ಥೆ ಬಾಟ್‌ಗಳ ಕಾಟದಿಂದ ಕಂಗೆಟ್ಟಿದ್ದಾಗ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮ್ಯಾನ್ಯುಯೆಲ್ ಬ್ಲಮ್, ಅವರ ಶಿಷ್ಯ ಲೂಯಿಸ್ ಫಾನ್ ಆನ್ ಮತ್ತು ಸಂಗಡಿಗರು ‘ಕ್ಯಾಪ್ಚಾ’ವನ್ನು ರೂಪಿಸಿದರು. ಕಂಪ್ಯೂಟರನ್ನೂ ಮನುಷ್ಯನನ್ನೂ ಬೇರ್ಪಡಿಸುವ, ತಾನೇ ತಾನಾಗಿ ನಡೆಯುವ ಟ್ಯೂರಿಂಗ್ ಪರೀಕ್ಷೆ ಎಂಬುದು ಆ ಹೆಸರಿನ ಸಾರಾಂಶ. ಈಗ ಪ್ರಶ್ನೆ ಕೇಳುವುದು ಯಂತ್ರ; ಉತ್ತರ ಕೊಟ್ಟು ಪಾಸಾಗಬೇಕಾದವರು ನಾವು.

ಕೊರತೆಯಿಂದ ಗುರುತಾಗುತ್ತಿದ್ದ ಮನುಷ್ಯ ಇನ್ನು ಸಾಮರ್ಥ್ಯದಿಂದ ಗುರುತಾಗಬೇಕಾಯಿತು. ಸೊಟ್ಟ ಅಕ್ಷರಗಳನ್ನು ನಮ್ಮ ಕಣ್ಣು ಓದಬಲ್ಲದು, ಯಂತ್ರ ಓದಲಾರದು ಎಂಬುದೇ ಈ ಪರೀಕ್ಷೆಯ ಆಧಾರ. ಆದರೆ ಯಂತ್ರ ಕಲಿಯುತ್ತ ಹೋಯಿತು. ಅತಿ ಕಠಿಣವಾದ ಸೊಟ್ಟ ಅಕ್ಷರಗಳನ್ನೂ ತನ್ನ ತಂತ್ರಾಂಶ ಶೇ 99.8ರಷ್ಟು ಸರಿಯಾಗಿ ಓದಬಲ್ಲದೆಂದು ಗೂಗಲ್ 2014ರಲ್ಲಿ ಸಾರಿತು. ಅಕ್ಷರಗಳ ಜೊತೆಗೆ ಚಿತ್ರಗಳು ಬಂದವು. ಅವೂ ಬಹುಪಾಲು ಅಮೆರಿಕದ ಬೀದಿಯವು. ಅಲ್ಲಿನ ರಸ್ತೆಬದಿಯಲ್ಲಿ ಬೆಂಕಿ ನಂದಿಸಲು ನೆಟ್ಟ ನೀರಿನ ಗೂಟವನ್ನು ಹಾವೇರಿಯ ರೈತರೊಬ್ಬರು ಗುರುತಿಸಲಾರದಿದ್ದರೆ ಅವರು ಮನುಷ್ಯರಲ್ಲವೆ? ಅತ್ತ ಬಾಟ್‌ಗಳ ಒಡೆಯರೋ ಸಾವಿರ ಕ್ಯಾಪ್ಚಾಗಳಿಗೆ ಸುಮಾರು ಒಂದು ಡಾಲರಿನಂತೆ ಕೂಲಿ ಕೊಟ್ಟು, ಬಡ ದೇಶಗಳ ಜನರಿಂದಲೇ ಅವನ್ನು ಬಿಡಿಸಿಕೊಂಡರು.

ನಿಜವಾದ ಪೆಟ್ಟು ಬಿದ್ದದ್ದು ಕಣ್ಣಿಲ್ಲದವರಿಗೆ. ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕಂಪ್ಯೂಟರ್ ಬಳಸುವ ಅಂಧರಿಗೆ ಸೊಟ್ಟ ಅಕ್ಷರದ ಚಿತ್ರ ಮುಚ್ಚಿದ ಬಾಗಿಲು. ವಿಶ್ವವ್ಯಾಪಿ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2005ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಇಲ್ಲೊಂದು ವಿಪರ್ಯಾಸ ಕೇಳಿ. 2023ರಲ್ಲಿ ಓಪನ್‌ಎಐ ಪ್ರಕಟಿಸಿದ ವರದಿಯ ಪ್ರಕಾರ, ಅದರ ಜಿಪಿಟಿ–4 ಪರೀಕ್ಷೆಯೊಂದರಲ್ಲಿ ಕ್ಯಾಪ್ಚಾ ಬಿಡಿಸಿಕೊಡಲು ಒಬ್ಬ ಕೆಲಸಗಾರನನ್ನು ಕೇಳಿಕೊಂಡಿತು. ‘ನೀನು ರೋಬಾಟೇ?’ ಎಂದು ಆತ ಕೇಳಿದ. ತಾನು ರೋಬಾಟ್ ಅಲ್ಲ, ತನಗೆ ದೃಷ್ಟಿದೋಷವಿದೆ ಎಂದು ಅದು ಸುಳ್ಳು ಹೇಳಿತು. ಆತ ಬಿಡಿಸಿಕೊಟ್ಟ. ನಿಜವಾದ ಅಂಧರು ಹೊರಗೆ ನಿಂತಿದ್ದ ಬಾಗಿಲಲ್ಲಿ, ಅಂಧತ್ವದ ನೆಪ ಹೇಳಿದ ಯಂತ್ರ ಒಳಗೆ ಹೋಯಿತು.

ಈಗ ಮತ್ತೆ ದಮಯಂತಿಯ ಬಳಿಗೆ ಬರೋಣ. ಬ್ಯಾಂಕ್ ಖಾತೆಗಾಗಿ ಫೋನಿನಲ್ಲೇ ಗುರುತು ದೃಢಪಡಿಸುವಾಗ, ಎದುರಿಗಿರುವುದು ಬರೀ ಭಾವಚಿತ್ರವಲ್ಲ, ಜೀವಂತ ವ್ಯಕ್ತಿ ಎಂದು ತಿಳಿಯಲು ‘ಕಣ್ಣು ಮಿಟುಕಿಸಿ’ ಎಂದು ಕೇಳುವ ಪದ್ಧತಿ ಬಂದಿದೆ. ನಳನನ್ನು ಗುರುತಿಸಿದ ಅದೇ ಲಕ್ಷಣ! ಆದರೆ ಆ್ಯಸಿಡ್ ದಾಳಿಯಲ್ಲಿ ಮುಖ ಸುಟ್ಟು, ರೆಪ್ಪೆ ಮುಚ್ಚಲಾಗದವರು ಏನು ಮಾಡಬೇಕು? ಇಂಥವರ ಮತ್ತು ಅಂಧರ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪಿತ್ತು, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಅದು ಕೊಟ್ಟ 20 ನಿರ್ದೇಶನಗಳಲ್ಲಿ ಒಂದು ನನಗೆ ಬಹಳ ಮುಖ್ಯವೆನಿಸುತ್ತದೆ. ಅಂಗವಿಕಲರ ಅರ್ಜಿಯನ್ನು ಯಂತ್ರ ತಳ್ಳಿಹಾಕಿದರೆ, ಅದನ್ನು ಮರುಪರಿಶೀಲಿಸಿ ಒಪ್ಪುವ ಅಧಿಕಾರವುಳ್ಳ ಒಬ್ಬ ಮನುಷ್ಯ ಇರಬೇಕು.

ಬಾಟ್‌ಗಳನ್ನು ತಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರ ಇಂದು ಮಾಡಲಾರದ್ದನ್ನು ನಾಳೆ ಮಾಡುತ್ತದೆ. ಪರೀಕ್ಷೆ ಕಠಿಣವಾದಷ್ಟೂ ಮೊದಲು ಸೋಲುವವರು ಮುದುಕರು, ಅಂಧರು, ಇಂಗ್ಲಿಷ್ ಬಾರದವರು. ದಮಯಂತಿ ಮೊರೆಯಿಟ್ಟಾಗ ದೇವತೆಗಳು ಕೇಳಿಸಿಕೊಂಡರು. ನಮ್ಮ ಮೊರೆ ಕೇಳಿಸಿಕೊಳ್ಳಲು ಬಾಗಿಲ ಆಚೆ ಯಾರಾದರೂ ಇದ್ದಾರೆಯೆ ಎಂದು ನಾವು ಕೇಳಬೇಕು.