ರಸ್ತೆಯೂ ಒಂದು ಅಮಾನತ್ತು

(ಭಾಷಣದ ಬರಹ ರೂಪ)



ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪಟ್ಟಣಗಳ ಓಣಿಗಳಲ್ಲಿ ಬದುಕುವವರಿಗೆ ಕೆಟ್ಟ ರಸ್ತೆಯ ಕಷ್ಟವನ್ನು ವಿವರಿಸಬೇಕಾಗಿಲ್ಲ. ಮಳೆ ಬಿದ್ದೊಡನೆ ತಗ್ಗುಗಳು ತುಂಬುತ್ತವೆ. ಫಜ್ರ್ ನಮಾಝಿಗೆ ಹೊರಟ ವೃದ್ಧರು ಗೋಡೆ ಹಿಡಿದು ನಡೆಯುತ್ತಾರೆ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಕರೆದೊಯ್ಯಬೇಕಾದ ಆಟೋ ಓಣಿಯ ಹೊರಗೇ ನಿಲ್ಲುತ್ತದೆ. ಜನಾಝಾ ಹೊತ್ತವರ ಹೆಜ್ಜೆ ತಪ್ಪುತ್ತದೆ. ಆಗ ನಾವೆಲ್ಲರೂ ಕೇಳುವ ಪ್ರಶ್ನೆ ಒಂದೇ: ನಮ್ಮ ಮೆಂಬರ್ ಏನು ಮಾಡುತ್ತಿದ್ದಾರೆ? ಈ ಪ್ರಶ್ನೆ ನ್ಯಾಯವಾದುದೇ. ಆದರೆ ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ನಾವೇನು ಮಾಡುತ್ತಿದ್ದೇವೆ?

ದಾರಿಯಲ್ಲಿರುವ ತೊಂದರೆಯನ್ನು ಸರಿಸುವುದನ್ನು ಪ್ರವಾದಿ(ಸ)ರು ವಿಶ್ವಾಸದ ಶಾಖೆಗಳಲ್ಲೊಂದೆಂದು ಎಣಿಸಿದರು. ದಾರಿಗೂ ಹಕ್ಕಿದೆ ಎಂದು ಕಲಿಸಿದರು. ತಮ್ಮ ಆಡಳಿತದಲ್ಲಿ ಒಂದು ಮೂಕಪ್ರಾಣಿ ಎಡವಿದರೂ ದಾರಿಯನ್ನೇಕೆ ಸಮಗೊಳಿಸಲಿಲ್ಲವೆಂಬ ವಿಚಾರಣೆ ನಡೆದೀತೆಂದು ಉಮರ್(ರ)ರು ಭಯಪಟ್ಟ ಪ್ರಸಂಗವನ್ನು ನಾವು ಮಿಂಬರುಗಳಿಂದ ಎಷ್ಟೋ ಸಲ ಕೇಳಿದ್ದೇವೆ. ಹಾಗಿರುವಾಗ ವಾರ್ಡಿನ ರಸ್ತೆ ಕೇವಲ ರಾಜಕೀಯದ ವಿಷಯವಲ್ಲ. ಅದು ಅಮಾನತ್ತು. ಸದಸ್ಯನ ಪಾಲಿಗೂ ಅಮಾನತ್ತು, ನಮ್ಮ ಪಾಲಿಗೂ ಅಮಾನತ್ತು.

ಮೊದಲು ಸದಸ್ಯನ ಕೆಲಸವನ್ನು ಅರಿಯೋಣ. ಸಾರ್ವಜನಿಕ ರಸ್ತೆಗಳ ನಿರ್ಮಾಣ ಮತ್ತು ನಿರ್ವಹಣೆಯನ್ನು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯು ಪುರಸಭೆ, ನಗರಸಭೆಗಳ ಕಡ್ಡಾಯ ಕರ್ತವ್ಯವೆಂದು ಹೇಳಿದೆ. ಹೀಗಾಗಿ ರಸ್ತೆ ಮಾಡಿಸಿದ ಸದಸ್ಯ ನಮಗೆ ಉಪಕಾರ ಮಾಡಿದಂತಲ್ಲ. ಆದರೆ ಅವನ ಕೈಯಲ್ಲಿ ಹಣದ ಥೈಲಿಯೂ ಇಲ್ಲ. ಅವನು ಸಾಮಾನ್ಯ ಸಭೆಯಲ್ಲಿ ವಿಷಯವೆತ್ತಬೇಕು. ಕಾಮಗಾರಿ ಕ್ರಿಯಾಯೋಜನೆಯಲ್ಲಿ ಸೇರಬೇಕು. ಎಂಜಿನಿಯರ್ ಅಂದಾಜು ಪಟ್ಟಿ ಸಿದ್ಧಪಡಿಸಬೇಕು. ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಲ್ಲವೂ ಮುಗಿದ ಮೇಲೆಯೇ ಜಲ್ಲಿ ಬೀಳುವುದು. ರಸ್ತೆ ಲೋಕೋಪಯೋಗಿ ಇಲಾಖೆಯದ್ದಾದರೆ ಅರ್ಜಿಯ ದಾರಿಯೇ ಬೇರೆ. ಈ ಮೆಟ್ಟಿಲುಗಳಲ್ಲಿ ಎಲ್ಲಾದರೊಂದು ಕಡೆ ಕಡತ ನಿಲ್ಲುತ್ತದೆ. ಅದು ಎಲ್ಲಿ ನಿಂತಿದೆಯೆಂದು ತಿಳಿಯದೆ ಬೈಯುವುದರಿಂದ ಒಂದು ತಗ್ಗೂ ಮುಚ್ಚುವುದಿಲ್ಲ.

ಕೆಲವೊಮ್ಮೆ ಸದಸ್ಯನಿದ್ದರೂ ಆಡಳಿತ ಇರುವುದಿಲ್ಲ. 2018ರ ಆಗಸ್ಟ್ ತಿಂಗಳಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ವಿವಾದ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ, ಗೆದ್ದವರು 2020ರವರೆಗೂ ಅಧಿಕಾರವಿಲ್ಲದೆ ಕುಳಿತರು. ಜನರಿಗೆ ಕಂಡದ್ದು ಕೆಲಸ ಮಾಡದ ಮೆಂಬರ್. ಅದರ ಹಿಂದಿದ್ದ ಕಾರಣ ಕೆಲವರಿಗಷ್ಟೇ ಗೊತ್ತಿತ್ತು.

ರಸ್ತೆ ಆದ ಮೇಲೂ ಅದು ಏಕೆ ಉಳಿಯುವುದಿಲ್ಲ? ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಆದ್ದರಿಂದ ಗಟ್ಟಿ ಬುನಾದಿಯೂ ನೀರು ಹರಿಯುವ ಗಟಾರವೂ ಇಲ್ಲದೆ ಮೇಲೆ ಡಾಂಬರು ಬಳಿದರೆ ಅದು ಬಾಳುವುದಿಲ್ಲ. ಇಂದು ಡಾಂಬರು ಹಾಕಿ, ನಾಳೆ ನೀರಿನ ಕೊಳವೆಗಾಗಿ ಅಗೆಯುವುದೂ ಉಂಟು. ಮೊದಲು ಗಟಾರ ಮತ್ತು ಕೊಳವೆ, ನಂತರ ರಸ್ತೆ ಎಂದು ಒತ್ತಾಯಿಸುವ ಸದಸ್ಯನಿಗೆ ತಡಮಾಡುವವನೆಂಬ ಹೆಸರು ಬರುತ್ತದೆ. ಆದರೆ ನಾವು ಬೆಂಬಲಿಸಬೇಕಾದುದು ಅವನನ್ನೇ.

ಇನ್ನು ಕಹಿಯಾದ ಮಾತು. ಗಟಾರದ ಮೇಲೆ ಮೆಟ್ಟಿಲು ಕಟ್ಟಿದವರು ಯಾರು? ಅಂಗಡಿಯ ಕಟ್ಟೆಯನ್ನು ರಸ್ತೆಗೆ ಚಾಚಿದವರು ಯಾರು? ಮನೆ ಕಟ್ಟುವ ಮರಳನ್ನು ತಿಂಗಳುಗಟ್ಟಲೆ ದಾರಿಯಲ್ಲಿ ಸುರಿದವರು ಯಾರು? ತೆರವುಗೊಳಿಸಿ ಎಂದು ಸದಸ್ಯ ಬಂದಾಗ, ನಿಮಗೆ ವೋಟು ಹಾಕಿದವರು ನಾವೇ ಅಲ್ಲವೇ ಎಂದು ಅವನ ಬಾಯಿ ಮುಚ್ಚಿಸುವವರೂ ನಾವೇ. ಹೀಗೆ ದಾರಿಯ ಹಕ್ಕನ್ನು ಕಸಿದುಕೊಂಡು ದಾರಿ ಸರಿಯಿಲ್ಲವೆಂದು ದೂರುವುದು ನ್ಯಾಯವಲ್ಲ. ಬ್ಯಾಡಗಿಯ ಮುಖ್ಯ ರಸ್ತೆಯ ಅಗಲೀಕರಣ ಎಷ್ಟೋ ವರ್ಷಗಳ ಕಾಲ ವಿವಾದದಲ್ಲಿ ಸಿಲುಕಿದ್ದನ್ನು ನಾವು ಬಲ್ಲೆವು. ರಸ್ತೆ ಅಗಲವಾಗಲೆಂದು ಬೀದಿಗಿಳಿದವರ ಕಷ್ಟವೂ ನಿಜ, ಅಂಗಡಿ ಕಳೆದುಕೊಳ್ಳುವವರ ಸಂಕಟವೂ ನಿಜ. ಸ್ವಂತ ಜಾಗ ಬಿಟ್ಟುಕೊಡುವವರಿಗೆ ನ್ಯಾಯಯುತ ಪರಿಹಾರ ಸಿಗಲೇಬೇಕು. ಆದರೆ ಒತ್ತುವರಿ ಮಾಡಿದ ಜಾಗಕ್ಕೆ ಪರಿಹಾರ ಕೇಳುವ ನೈತಿಕ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ನಮ್ಮ ಹೊಣೆಯೇನು? ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ರಚಿಸಬೇಕೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. 2011ರ ಜನಗಣತಿಯಲ್ಲಿ ರಾಣೇಬೆನ್ನೂರಿನ ಜನಸಂಖ್ಯೆ ಒಂದು ಲಕ್ಷವನ್ನು ತುಸುವೇ ಮೀರಿತ್ತು. ಹಾವೇರಿ, ಬ್ಯಾಡಗಿಗಳು ಅದಕ್ಕಿಂತ ಚಿಕ್ಕವು. ಆ ಕಡ್ಡಾಯ ನಮ್ಮ ಪಟ್ಟಣಗಳಿಗೆ ಅನ್ವಯಿಸದು. ಆದರೆ ನಾಲ್ಕು ಜನ ಕೂಡಿ ಕುಳಿತು ವಾರ್ಡಿನ ಕೆಲಸ ವಿಚಾರಿಸುವುದನ್ನು ಯಾವ ಕಾನೂನೂ ತಡೆದಿಲ್ಲ. ಮೊಹಲ್ಲಾ ಜಮಾತ್ ತಿಂಗಳಿಗೊಮ್ಮೆ ಸದಸ್ಯನನ್ನು ಕರೆಯಲಿ. ಆ ಸಭೆಗೆ ಪಕ್ಕದ ಓಣಿಯ ಹಿಂದೂ ನೆರೆಹೊರೆಯವರೂ ಬರಲಿ, ಏಕೆಂದರೆ ತಗ್ಗು ಯಾರ ಧರ್ಮವನ್ನೂ ಕೇಳುವುದಿಲ್ಲ. ಮಹಿಳೆಯರೂ ಮಾತನಾಡಲಿ, ದಿನವೂ ಮಕ್ಕಳನ್ನು ಶಾಲೆಗೆ ನಡೆಸುವವರು ಅವರೇ.

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲುಗಳ ಪ್ರತಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಕಾಮಗಾರಿಯ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ ಅದರಲ್ಲಿದೆ. ಕಾಮಗಾರಿ ಮುಗಿದ ಮೇಲೂ ನಿಗದಿತ ಅವಧಿಯವರೆಗೆ ದೋಷಗಳನ್ನು ಗುತ್ತಿಗೆದಾರನೇ ಸರಿಪಡಿಸಬೇಕೆಂಬ ಷರತ್ತು ಒಪ್ಪಂದಗಳಲ್ಲಿ ಇರುತ್ತದೆ. ಆ ಅವಧಿ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳೋಣ. ನಮ್ಮ ಆಸ್ತಿ ತೆರಿಗೆಯನ್ನು ಬಾಕಿಯಿಲ್ಲದೆ ಕಟ್ಟಿ, ಆಮೇಲೆ ಲೆಕ್ಕ ಕೇಳೋಣ.

ಕೊನೆಯದಾಗಿ ಮತದಾನದ ಮಾತು. ಮತದಾನದ ಹಿಂದಿನ ರಾತ್ರಿ ನೋಟು ಪಡೆದವನು ಮುಂದಿನ ಐದು ವರ್ಷ ಯಾವ ಮುಖದಿಂದ ಪ್ರಶ್ನೆ ಕೇಳಿಯಾನು? ನಮ್ಮವನೆಂಬ ಒಂದೇ ಕಾರಣಕ್ಕೆ ಅಯೋಗ್ಯನನ್ನು ಆರಿಸುವುದು, ನಮ್ಮವನಲ್ಲವೆಂಬ ಕಾರಣಕ್ಕೆ ಯೋಗ್ಯನನ್ನು ಸೋಲಿಸುವುದು, ಎರಡೂ ಅಮಾನತ್ತಿಗೆ ಬಗೆಯುವ ದ್ರೋಹ. ಶ್ರಮಿಸುವ ಸದಸ್ಯನಿಗೆ ನಾವು ಹೆಗಲು ಕೊಡೋಣ, ಮೈಮರೆತವನನ್ನು ಎಚ್ಚರಿಸೋಣ. ಇಂದು ಇಲ್ಲಿಂದ ಮನೆಗೆ ಮರಳುವಾಗ ದಾರಿಯಲ್ಲಿ ಒಂದು ಕಲ್ಲು ಕಂಡರೆ ಅದನ್ನು ಬದಿಗೆ ಸರಿಸಿಯೇ ಮುಂದೆ ಹೋಗೋಣ. ಅಲ್ಲಾಹನು ನಮಗೆಲ್ಲರಿಗೂ ಅದರ ಸಾಮರ್ಥ್ಯ ದಯಪಾಲಿಸಲಿ. ಆಮೀನ್.