ತಲೆಗೆ ಯಾವ ಎಣ್ಣೆ: ಗಾಣದ್ದೋ, ರೀಫೈಂಡೋ?



ತಲೆಗೂದಲಿನ ಮಾತು ಬಂದ ಮನೆಯಲ್ಲಿ ಎಣ್ಣೆಯ ಚರ್ಚೆ ತಪ್ಪಿದ್ದಲ್ಲ. ಗಾಣದಿಂದ ತಂದ ಕೊಬ್ಬರಿ ಎಣ್ಣೆಯ ಘಮವೇ ಅದರ ಗುಣಕ್ಕೆ ಸಾಕ್ಷಿ ಎನ್ನುತ್ತಾರೆ ಅಜ್ಜಿ. ಆ ವಾಸನೆ ಹೊತ್ತುಕೊಂಡು ಕಾಲೇಜಿಗೆ ಹೋಗುವುದು ಹೇಗೆ ಎನ್ನುತ್ತಾಳೆ ಮೊಮ್ಮಗಳು. ಮರದ ಗಾಣದ ಎಣ್ಣೆ ಈಗ ಮತ್ತೆ ಅಂಗಡಿಗಳಲ್ಲಿ ಕಾಣುತ್ತಿದೆ. ಅದರ ಬೆಲೆಯೂ ಹೆಚ್ಚು. ಹಾಸ್ಟೆಲಿನ ಖರ್ಚಿನಲ್ಲಿ ಅಷ್ಟು ಹಣ ಕೊಡಬೇಕೆ? ಈ ಪ್ರಶ್ನೆಗೆ ಬಹುಪಾಲು ಉತ್ತರ ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿಯೇ ಇದೆ.

ಕೊಬ್ಬರಿಯನ್ನು ಗಾಣದಲ್ಲಿ ಅರೆದಾಗ ಬರುವುದು ಕಚ್ಚಾ ಎಣ್ಣೆ. ಅದರಲ್ಲಿ ಎಣ್ಣೆಯ ಜೊತೆಗೆ ಕೊಬ್ಬರಿಯ ಪರಿಮಳ, ತುಸು ಬಣ್ಣ, ಸಣ್ಣ ಚೂರುಗಳು, ಸ್ವಲ್ಪ ತೇವ, ಸ್ವಲ್ಪ ಬಿಡಿ ಕೊಬ್ಬಿನಾಮ್ಲ ಇರುತ್ತವೆ. ರೀಫೈಂಡ್ ಎಣ್ಣೆ ಮಾಡುವ ಕಾರ್ಖಾನೆಯಲ್ಲಿ ಇವನ್ನೆಲ್ಲ ಒಂದೊಂದಾಗಿ ತೆಗೆಯುತ್ತಾರೆ. ಕ್ಷಾರ ಸೇರಿಸಿ ಬಿಡಿ ಆಮ್ಲವನ್ನು ತೆಗೆಯುವುದುಂಟು. ಬಣ್ಣವನ್ನು ಹೀರುವ ವಿಶೇಷ ಜೇಡಿಮಣ್ಣಿನ ಮೂಲಕ ಎಣ್ಣೆಯನ್ನು ತಿಳಿಗೊಳಿಸುತ್ತಾರೆ. ಕೊನೆಗೆ ನಿರ್ವಾತದಲ್ಲಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ, ಹಬೆ ಹಾಯಿಸಿ ವಾಸನೆಯನ್ನು ಹೊರಹಾಕುತ್ತಾರೆ.

ಇಷ್ಟೆಲ್ಲ ಆದ ಮೇಲೆ ಉಳಿಯುವುದೇನು? ಎಣ್ಣೆಯೇ ಉಳಿಯುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಒಟ್ಟು ಶೇಕಡ 90ರಷ್ಟು ಪರ್ಯಾಪ್ತ ಕೊಬ್ಬು. ರೀಫೈನಿಂಗ್ ಇದನ್ನು ಬದಲಿಸುವುದಿಲ್ಲ. ನೀವೇ ಪರೀಕ್ಷಿಸಬಹುದು. ಒಂದು ಲೋಟದಲ್ಲಿ ಗಾಣದ ಎಣ್ಣೆ, ಇನ್ನೊಂದರಲ್ಲಿ ರೀಫೈಂಡ್ ಕೊಬ್ಬರಿ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಡಿ. ಎರಡೂ ಹೆಪ್ಪುಗಟ್ಟುತ್ತವೆ. ಹೊರಗಿಟ್ಟರೆ ಎರಡೂ ಸುಮಾರು 25 ಡಿಗ್ರಿಯಲ್ಲಿ ಕರಗುತ್ತವೆ. ಚಳಿಗಾಲದಲ್ಲಿ ಗಟ್ಟಿಯಾಗುವುದು ಗಾಣದ ಎಣ್ಣೆಯೊಂದರ ಲಕ್ಷಣ ಎಂಬ ನಂಬಿಕೆ ಸರಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಕೂದಲಿನ ಕಡೆ ಬರೋಣ. ನೆತ್ತಿಯಿಂದ ಹೊರಬಂದ ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಅದರಲ್ಲಿ ಜೀವವಿಲ್ಲ, ಆದ್ದರಿಂದ ಅದಕ್ಕೆ ಎಣ್ಣೆ ಆಹಾರವಾಗಲಾರದು. ಆದರೆ ಎಣ್ಣೆ ಅದನ್ನು ಕಾಪಾಡಬಲ್ಲದು. ತೊಳೆಯುವಾಗ ನೀರು ಕುಡಿದು ಕೂದಲು ಉಬ್ಬುತ್ತದೆ. ಬಾಚುವಾಗ ಅದರ ಮೇಲಿನ ಹುರುಪೆಯಂಥ ಪದರಗಳು ಸವೆಯುತ್ತವೆ. 2003ರಲ್ಲಿ ಮುಂಬಯಿಯ ಸಂಶೋಧಕರಾದ ರೇಲೆ ಮತ್ತು ಮೊಹಿಲೆ ಅವರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಾಗೂ ಖನಿಜ ತೈಲವನ್ನು ಹೋಲಿಸಿದ ಪ್ರಯೋಗವನ್ನು ಪ್ರಕಟಿಸಿದರು. ಕೂದಲಿನಿಂದ ಪ್ರೋಟೀನು ನಷ್ಟವಾಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಅಣು ನೇರವಾಗಿ, ಚಿಕ್ಕದಾಗಿ ಇರುವುದರಿಂದ ಎಳೆಯ ಒಳಗೆ ಇಳಿಯುತ್ತದೆ ಎಂಬುದು ಅವರ ವಿವರಣೆ. ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಸಂಶೋಧಕರು ಎಂಬುದನ್ನೂ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಆದರೂ ಮೀಯುವ ಮುನ್ನ ಎಣ್ಣೆ ಹಚ್ಚುವ ನಮ್ಮ ರೂಢಿಗೆ ಅರ್ಥವಿದೆ ಎನ್ನಲು ಈ ಫಲಿತಾಂಶ ಆಧಾರವಾಗುತ್ತದೆ. ಆ ಗುಣ ಲಾರಿಕ್ ಆಮ್ಲದ್ದಾದರೆ ಅದು ಎರಡೂ ಎಣ್ಣೆಗಳಲ್ಲಿ ಇದೆ.

ಹಾಗಾದರೆ ವ್ಯತ್ಯಾಸವೇ ಇಲ್ಲವೆ? ಇದೆ. ಗಾಣದ ಎಣ್ಣೆಯ ಗುಣ ಕೊಬ್ಬರಿಯನ್ನು ಅವಲಂಬಿಸಿದೆ. ತಿಪಟೂರಿನ ಕಡೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸುತ್ತಾರೆ. ಕರಾವಳಿಯಲ್ಲಿ ಕಾಯಿ ಒಡೆದು ಬಿಸಿಲಿಗೆ ಹರಡುತ್ತಾರೆ. ಮಳೆಗೆ ಸಿಕ್ಕಿ ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಕೊಬ್ಬರಿಯಾದರೆ ಎಣ್ಣೆಯೂ ಕೆಟ್ಟದ್ದೇ. ತೇವ ಮತ್ತು ಚೂರು ಉಳಿದ ಎಣ್ಣೆಗೆ ಬೇಗ ಮುಗ್ಗು ವಾಸನೆ ಬರುತ್ತದೆ. ಗಾಣದ ಎಣ್ಣೆ ತಂದರೆ ಕೆಲವು ದಿನ ಹಾಗೆಯೇ ಇಟ್ಟು, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಒಣಗಿದ ಬಾಟಲಿಗೆ ಬಗ್ಗಿಸಿಕೊಳ್ಳಿ. ಬಿಸಿಲು ಬೀಳದ ಕಡೆ ಇಡಿ. ನಂಬಿಕೆಯ ಗಾಣ ಹತ್ತಿರವಿದ್ದು, ಆ ಪರಿಮಳ ಹಿಡಿಸುವುದಾದರೆ ಅದನ್ನೇ ಬಳಸಿ. ವಾಸನೆ ಆಗದವರು, ಹೆಚ್ಚು ದಿನ ಇಡಬೇಕಾದವರು ರೀಫೈಂಡ್ ಕೊಳ್ಳಬಹುದು. ಅದರಿಂದ ಕೂದಲಿಗೆ ನಷ್ಟವಿಲ್ಲ.

ನಿಜವಾಗಿ ನೋಡಬೇಕಾದದ್ದು ಬಾಟಲಿಯ ಹಿಂಬದಿಯ ಸಣ್ಣಕ್ಷರ. ತಿಳಿಯಾಗಿ, ಜಿಡ್ಡಿಲ್ಲದಂತೆ ಕಾಣುವ ಹಲವು ಕೇಶತೈಲಗಳಲ್ಲಿ ಮುಖ್ಯವಾಗಿ ಇರುವುದು ಲಿಕ್ವಿಡ್ ಪ್ಯಾರಫಿನ್, ಅಂದರೆ ಪೆಟ್ರೋಲಿಯಂನಿಂದ ಬಂದ ಖನಿಜ ತೈಲ. ಅದು ಮೇಲೆ ಹೊಳಪು ಕೊಡುತ್ತದೆ, ಸಿಕ್ಕು ಬಿಡಿಸುತ್ತದೆ. ಆದರೆ ಅದು ರೀಫೈಂಡ್ ಕೊಬ್ಬರಿ ಎಣ್ಣೆಯಲ್ಲ. ಮುಂಭಾಗದ ತೆಂಗಿನ ಚಿತ್ರ ನೋಡಿ ಹಣ ಕೊಡಬೇಡಿ.

ಕೊನೆಯದಾಗಿ ಒಂದು ಮಾತು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜೋರು ಜ್ವರ ಬಂದು ಎರಡು ಮೂರು ತಿಂಗಳಾದ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಸಾಮಾನ್ಯವಾಗಿ ಅದು ತಾನಾಗಿಯೇ ನಿಲ್ಲುತ್ತದೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ ಉದುರಬಹುದು. ಹುಡುಗಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕಂತೂ ಕೊಬ್ಬೇ ಆಹಾರ. ಎಣ್ಣೆ ಸುರಿದರೆ ಹೊಟ್ಟು ಹೆಚ್ಚಬಹುದು. ಇಂಥ ತೊಂದರೆಗಳಿಗೆ ಗಾಣದ ಎಣ್ಣೆಯೂ ಮದ್ದಲ್ಲ, ರೀಫೈಂಡ್ ಎಣ್ಣೆಯೂ ಮದ್ದಲ್ಲ. ಬಾಟಲಿ ಬದಲಿಸುತ್ತ ತಿಂಗಳುಗಳನ್ನು ಕಳೆಯದೆ ವೈದ್ಯರನ್ನು ಕಾಣಿರಿ. ಎಣ್ಣೆಗೆಂದು ತೆಗೆದಿಟ್ಟ ಹಣದಲ್ಲಿ ಸೊಪ್ಪು, ಕಾಳು, ಮೊಟ್ಟೆ ತಿಂದರೆ ಕೂದಲಿನ ಬುಡಕ್ಕೆ ಅದೇ ಹೆಚ್ಚು ಉಪಕಾರಿ.