ಬಾಂಬೆ ಹೆಸರಿನ ರಕ್ತ



ಹಾಡುಗಳ ನಡುವೆ ಆಗಾಗ ನಾನೊಂದು ಮನವಿ ಓದುವುದನ್ನು ನೀವು ಕೇಳಿದ್ದೀರಿ. “ತುರ್ತಾಗಿ ರಕ್ತ ಬೇಕಾಗಿದೆ, ದಾನಿಗಳು ಸಂಪರ್ಕಿಸಿ” ಎಂದು. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ಮನವಿ ಓದಿದ್ದೆ. ಡೊಂಬಿವಲಿಯ ಕೇಳುಗರೊಬ್ಬರ ಯಜಮಾನರಿಗೆ ಆಪರೇಷನ್, ಬೇಕಾದದ್ದು ‘ಓ ಪಾಸಿಟಿವ್’. ನಿಮ್ಮಲ್ಲಿ ಹನ್ನೊಂದು ಮಂದಿ ಲೋಕಲ್ ಟ್ರೇನು ಹಿಡಿದು ಆಸ್ಪತ್ರೆಗೆ ಹೋದಿರಿ. ಅಷ್ಟರಲ್ಲಿ ಆ ತಾಯಿಯ ಫೋನು ಮತ್ತೆ ಬಂತು. “ಅಣ್ಣಾ, ಓ ಗ್ರೂಪು ಬೇಡವಂತೆ. ಬಾಂಬೆ ಗ್ರೂಪು ಬೇಕಂತೆ.”

ನಾನು ನಕ್ಕುಬಿಟ್ಟೆ. “ಅಮ್ಮಾ, ನಾವೆಲ್ಲ ಬಾಂಬೆಯವರೇ ಅಲ್ಲವೇ?” ಎಂದೆ. ಆ ಕಡೆಯಿಂದ ಉತ್ತರ ಬರಲಿಲ್ಲ, ಅಳು ಕೇಳಿಸಿತು. ಆ ನಗು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

“ನಮ್ಮದೂ ಓ ಗ್ರೂಪೇ, ಮತ್ತೆ ಯಾಕೆ ಬೇಡ?” ಎಂದು ಕೇಳಿ ಬರಿಗೈಯಲ್ಲಿ ಮರಳಿದ ಆ ಹನ್ನೊಂದು ಮಂದಿಗೆ ಉತ್ತರ ಹೇಳುವುದು ನನ್ನ ಮೇಲೆ ಬಾಕಿ ಇದೆ. ಇವತ್ತು ಅದನ್ನು ತೀರಿಸುತ್ತೇನೆ.

ಉತ್ತರ ಇರುವುದು ನಮ್ಮ ಪರೇಲಿನಲ್ಲಿ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆ ನಿಮಗೆಲ್ಲ ಗೊತ್ತು. 1926ರಿಂದ ನಡೆದು ಬಂದ ಮಹಾನಗರಪಾಲಿಕೆಯ ಆಸ್ಪತ್ರೆ. ಅದಕ್ಕೆ ಸೇರಿದಂತೆ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜು. ಡಾ. ವೈ. ಎಂ. ಭೇಂಡೆ, ಡಾ. ಸಿ. ಕೆ. ದೇಶಪಾಂಡೆ, ಡಾ. ಎಚ್. ಎಂ. ಭಾಟಿಯಾ ಇವರ ಮುಂದೆ ಮೂವರ ರಕ್ತ ಒಂದು ಒಗಟಾಗಿ ನಿಂತಿತು. ಕೆಂಪು ಕಣಗಳನ್ನು ಪರೀಕ್ಷಿಸಿದರೆ ‘ಓ’ ಎನ್ನಿಸುತ್ತಿತ್ತು. ಆದರೆ ಅದೇ ರಕ್ತದ ತಿಳಿದ್ರವಕ್ಕೆ ಬೇರೆಯವರ ‘ಓ’ ಕಣಗಳನ್ನು ಸೇರಿಸಿದರೆ ಕಣಗಳು ಗಂಟುಕಟ್ಟುತ್ತಿದ್ದವು. ‘ಪರೀಕ್ಷೆಯಲ್ಲಿ ಎಲ್ಲೋ ತಪ್ಪಾಗಿರಬೇಕು’ ಎಂದು ಗಾಜಿನ ನಳಿಗೆಯನ್ನು ತೊಳೆದಿಟ್ಟು ಮನೆಗೆ ಹೋಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಯ ತಜ್ಞರೊಡನೆ ಸೇರಿ ಬೆನ್ನು ಹತ್ತಿದರು. 1952ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದರ ವರದಿ ಬಂತು. ಈ ರಕ್ತಕ್ಕೆ ನಮ್ಮ ಊರಿನ ಹೆಸರೇ ನಿಂತಿತು. 1995ರಲ್ಲಿ ಊರು ಮುಂಬಯಿ ಆಯಿತು, ರಕ್ತ ಮಾತ್ರ ಇಂದಿಗೂ ‘ಬಾಂಬೆ’ಯೇ.

ಒಗಟು ಏನು? ಕನ್ನಡ ಬಿ.ಎ. ಓದಿದವನು ನಾನು, ನನಗೆ ಅರ್ಥವಾದ ರೀತಿಯಲ್ಲಿ ಕಾಗುಣಿತದಿಂದಲೇ ಹೇಳುತ್ತೇನೆ. ನಮ್ಮ ಕೆಂಪು ಕಣಗಳ ಮೇಲೆ ‘ಎಚ್’ ಎಂಬ ಒಂದು ಮೂಲವಸ್ತು ಇರುತ್ತದೆ. ಅದನ್ನು ‘ಕ’ ಎಂದುಕೊಳ್ಳಿ. ಅದಕ್ಕೆ ಗುಡಿಸು ಕೊಟ್ಟರೆ ‘ಕಿ’, ಅದು ಎ ಗುಂಪು. ಕೊಂಬು ಕೊಟ್ಟರೆ ‘ಕು’, ಅದು ಬಿ ಗುಂಪು. ಎರಡೂ ಇದ್ದರೆ ಎಬಿ. ಏನೂ ಕೊಡದೆ ಬರೀ ‘ಕ’ ಉಳಿದರೆ ಓ. ಬಾಂಬೆ ಗುಂಪಿನವರಲ್ಲಿ ಆ ‘ಕ’ ಅಕ್ಷರವೇ ಇಲ್ಲ. ಹಾಗಾಗಿ ಅಪ್ಪ ಅಮ್ಮನಿಂದ ಗುಡಿಸು, ಕೊಂಬು ಬಂದಿದ್ದರೂ ಅಂಟಿಕೊಳ್ಳಲು ಜಾಗವಿಲ್ಲ. ಸಾಮಾನ್ಯ ಪರೀಕ್ಷೆ ಎ ಇದೆಯೇ, ಬಿ ಇದೆಯೇ ಎಂದಷ್ಟೇ ನೋಡಿದರೆ, ಎರಡೂ ಇಲ್ಲ, ಆದ್ದರಿಂದ ‘ಓ’ ಎಂದು ಬರೆದುಬಿಡುತ್ತದೆ.

ತಮ್ಮಲ್ಲಿಲ್ಲದ ‘ಎಚ್’ ಅನ್ನು ಇವರ ದೇಹ ಶತ್ರುವೆಂದೇ ತಿಳಿಯುತ್ತದೆ. ಸಾಮಾನ್ಯವಾಗಿ ಬೇರೆ ಗುಂಪಿನವರಿಗೂ ಆಗಿಬರುವ ಓ ರಕ್ತವೇ ಇವರಿಗೆ ಪ್ರಾಣಾಪಾಯ ತರಬಹುದು. ಬಾಂಬೆಯವರಿಗೆ ಬಾಂಬೆಯವರ ರಕ್ತವೇ ಆಗಬೇಕು.

ಇದು ರೋಗವಲ್ಲ, ಹುಟ್ಟಿನಿಂದ ಬಂದ ಗುಣ. ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಕಾಣಿಸುತ್ತದೆ. ಆದ್ದರಿಂದ ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ಮನೆತನಗಳಲ್ಲಿ ಸಾಧ್ಯತೆ ಹೆಚ್ಚು. ಮುಂಬಯಿಯಲ್ಲಿ ಸುಮಾರು 7,600 ಜನರಲ್ಲಿ ಒಬ್ಬರು ಎಂದು 1974ರ ಒಂದು ಅಧ್ಯಯನ ಹೇಳಿತು. ಯುರೋಪಿನಲ್ಲಾದರೆ ಹತ್ತು ಲಕ್ಷಕ್ಕೆ ಒಬ್ಬರು ಎಂಬ ಅಂದಾಜು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಂಡಿರುವ ರಾಜ್ಯಗಳಲ್ಲಿ ಮಹಾರಾಷ್ಟ್ರದ ಜೊತೆಗೆ ಕರ್ನಾಟಕವೂ ಇದೆ. ಅಂದರೆ ಹೆಸರು ಬಾಂಬೆಯದಾದರೂ ಈ ಮಾತು ಊರಲ್ಲಿರುವ ನಿಮ್ಮ ಮನೆಯವರಿಗೂ ಸಲ್ಲುತ್ತದೆ.

ಇನ್ನು ಆ ತಾಯಿಯ ಕಥೆ. ವೈದ್ಯರು ಒಂದೇ ಪ್ರಶ್ನೆ ಕೇಳಿದರಂತೆ, “ಇವರಿಗೆ ಒಡಹುಟ್ಟಿದವರು ಇದ್ದಾರೆಯೇ?” ಇದ್ದರು. ಅಪ್ಪ ಅಮ್ಮ ಒಂದೇ ಆದ್ದರಿಂದ ಪ್ರತಿಯೊಬ್ಬ ಒಡಹುಟ್ಟಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಅಕ್ಕನ ರಕ್ತ ಹೊಂದಲಿಲ್ಲ. ಕಾರ್ಕಳದ ಕಡೆಯ ಹಳ್ಳಿಯಲ್ಲಿದ್ದ ತಮ್ಮ ಬಸ್ಸು ಹತ್ತಿ ಬಂದ. ಅವನ ಕಾರ್ಡಿನಲ್ಲೂ ‘ಓ’ ಎಂದೇ ಇತ್ತು, ಅದಕ್ಕೂ ಮೊದಲು ಯಾರೂ ಆಳವಾಗಿ ನೋಡಿರಲಿಲ್ಲ. ಅವನದು ಹೊಂದಿತು. ಆಪರೇಷನ್ ಎರಡು ದಿನ ತಡವಾಗಿ ನಡೆಯಿತು, ಅಣ್ಣ ಉಳಿದ.

ಎಲ್ಲರಿಗೂ ಹೀಗೆ ಬಸ್ಸು ಹತ್ತಿ ಬರುವ ತಮ್ಮನಿರುವುದಿಲ್ಲ. ಎರಡು ದಿನ ಕಾಯುವಷ್ಟು ಪುರುಸೊತ್ತೂ ಇರುವುದಿಲ್ಲ. ಹೆರಿಗೆಯ ಹೊತ್ತಿಗೆ, ರಸ್ತೆ ಅಪಘಾತದ ಹೊತ್ತಿಗೆ ಗೊತ್ತಾದರೆ ಕಷ್ಟ.

ಅದಕ್ಕೇ ನನ್ನ ಕೋರಿಕೆ ಇಷ್ಟು. ನಿಮ್ಮದು ‘ಓ’ ಎಂದು ಬರೆದಿದ್ದರೆ, ಮುಂದಿನ ಸಲ ರಕ್ತನಿಧಿಗೆ ಹೋದಾಗ “ಓ ಕಣಗಳ ಜೊತೆಗೂ ನೋಡಿದಿರಾ?” ಎಂದು ಒಮ್ಮೆ ಕೇಳಿ. ಮನೆಯಲ್ಲಿ ಒಬ್ಬರು ಬಾಂಬೆ ಗುಂಪಿನವರೆಂದು ಗೊತ್ತಾದರೆ ಅಣ್ಣ ತಮ್ಮ, ಅಕ್ಕ ತಂಗಿ ಎಲ್ಲರೂ ಪರೀಕ್ಷೆ ಮಾಡಿಸಿ. ಈ ಗುಂಪಿನ ದಾನಿಗಳ ಪಟ್ಟಿಯನ್ನು ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಇಟ್ಟುಕೊಂಡಿದೆ, ಹೆಸರು ಕೊಡಿ. ಕೆ.ಇ.ಎಂ. ಆವರಣದಲ್ಲೇ ರಕ್ತದ ಇಂಥ ಒಗಟುಗಳನ್ನು ಬಿಡಿಸುವ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯೊಂದಿದೆ. ಅದರ ಬೇರು 1957ರಲ್ಲಿ ಶುರುವಾದ ರಕ್ತಗುಂಪು ಕೇಂದ್ರದಲ್ಲಿದೆ.

ಇಷ್ಟೆಲ್ಲ ನಡೆದದ್ದು ಬಡವರು ಸಾಲು ನಿಲ್ಲುವ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ, ‘ಇದು ಯಾಕೆ ಹೀಗೆ?’ ಎಂದು ಯಾರೋ ತಾಳ್ಮೆಯಿಂದ ಕೇಳಿದ್ದರಿಂದ. ಮುಂದಿನ ಸಲ ಅಲ್ಲಿ ಚೀಟಿ ಹಿಡಿದು ಕಾಯುವಾಗ ಇದು ನೆನಪಿರಲಿ.

ಆ ಹನ್ನೊಂದು ಮಂದಿಗೆ ಕೊನೆಯ ಮಾತು. ನಿಮ್ಮ ರಕ್ತ ಅಂದು ಬೇಡವಾಯಿತು, ನಿಮ್ಮ ಪ್ರಯಾಣ ವ್ಯರ್ಥವಾಗಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದ ಆ ತಾಯಿ ಮೊನ್ನೆ ಫೋನಿನಲ್ಲಿ ಹೇಳಿದರು, “ಅಣ್ಣಾ, ಅವತ್ತು ಕನ್ನಡದಲ್ಲಿ ಮಾತಾಡಿಸಿದರಲ್ಲ, ಅದೇ ಧೈರ್ಯ.”

ಮುಂದಿನ ಮನವಿ ಓದಿದಾಗಲೂ ಹೊರಡಿ.